ಫೋನಿನೊಳಗೆ ಇದ್ದೂ ಬಳಕೆಗೆ ಬಾರದ್ದು: ಕಣ್ಣು ಕಾಣದವರಿಗಾಗಿ ಮೊಬೈಲ್ ಏನೆಲ್ಲ ಮಾಡುತ್ತದೆ?

ಆನ್‌ಲೈನ್‌ನಲ್ಲಿ ಬ್ಯಾಂಕ್ ಖಾತೆ ತೆರೆಯಲು ಈಗ ಮೊಬೈಲ್ ಕ್ಯಾಮೆರಾ ಎದುರು ಮುಖ ತೋರಿಸಬೇಕಾಗುತ್ತದೆ. ‘ಕಣ್ಣು ಮಿಟುಕಿಸಿ’ ಎನ್ನುತ್ತದೆ ಆ್ಯಪ್. ಮಿಟುಕಿಸಿದರೆ, ಎದುರಿಗಿರುವುದು ಫೋಟೊ ಅಲ್ಲ, ಜೀವಂತ ಮನುಷ್ಯ ಎಂದು ಅದಕ್ಕೆ ಖಾತ್ರಿ. ಮಿಟುಕಿಸಲು ಆಗದವರು ಏನು ಮಾಡಬೇಕು? ಆಸಿಡ್ ದಾಳಿಗೆ ಸಿಕ್ಕಿ ಮುಖ, ಕಣ್ಣು ಸುಟ್ಟುಹೋದವರು ಮತ್ತು ಕಣ್ಣು ಕಾಣದ ಒಬ್ಬರು ಈ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿ ಹೇಳುವ ಬದುಕುವ ಹಕ್ಕಿನ ಭಾಗವೇ ಎಂದಿತು ಕೋರ್ಟು. ಗ್ರಾಹಕರ ಗುರುತು ಖಾತ್ರಿ ಮಾಡುವ ಈ ಕೆವೈಸಿ ವಿಧಾನಗಳನ್ನು ಎಲ್ಲರೂ ಬಳಸುವಂತೆ ಬದಲಿಸಲು 20 ನಿರ್ದೇಶನಗಳನ್ನೂ ಕೊಟ್ಟಿತು.

ತೀರ್ಪಿನ ಸುದ್ದಿ ಓದಿದವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಗುಂಡಿಯೇ ಇಲ್ಲದ, ನುಣ್ಣಗಿನ ಗಾಜಿನ ಫೋನನ್ನು ಕಣ್ಣು ಕಾಣದವರು ಬಳಸುವುದಾದರೂ ಹೇಗೆ? ಚೆನ್ನಾಗಿಯೇ ಬಳಸುತ್ತಾರೆ. ವಾಟ್ಸ್‌ಆ್ಯಪ್, ಯುಪಿಐ, ರೈಲು ಟಿಕೆಟ್, ಪುಸ್ತಕ ಓದುವುದು ಎಲ್ಲವೂ ನಡೆಯುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಫೋನಿನೊಳಗೆ ಅವರಿಗೆಂದೇ ಇಟ್ಟಿರುವ ಸೌಲಭ್ಯಗಳಲ್ಲಿ ದೊಡ್ಡ ಪಾಲು ಸುಮ್ನೆ ಬಿದ್ದಿರುತ್ತದೆ. ಅವು ಏನು, ಹೇಗೆ ಕೆಲಸ ಮಾಡುತ್ತವೆ, ಯಾಕೆ ಬಳಕೆಗೆ ಬರುತ್ತಿಲ್ಲ ಎನ್ನುವುದನ್ನು ಬುಡದಿಂದ ನೋಡೋಣ.

## ಮಾತಾಡುವುದು ಯಾರು?

ಫೋನಿನ ಎಲ್ಲ ಆ್ಯಪ್‌ಗಳ ಕೆಳಗೆ ಒಂದು ಮೂಲ ತಂತ್ರಾಂಶ ಇರುತ್ತದೆ. ಅದೇ ಆಪರೇಟಿಂಗ್ ಸಿಸ್ಟಮ್. ಬಹುತೇಕ ಫೋನುಗಳಲ್ಲಿ ಅದು ಆಂಡ್ರಾಯ್ಡ್, ಆ್ಯಪಲ್ ಫೋನಿನಲ್ಲಿ ಐಒಎಸ್. ಸ್ಕ್ರೀನ್ ಮೇಲೆ ಏನು ಕಾಣಬೇಕು, ಬೆರಳು ಎಲ್ಲಿ ತಾಗಿತು, ದನಿ ಯಾವಾಗ ಹೊರಡಬೇಕು ಎಂಬುದೆಲ್ಲ ಇದರ ಉಸ್ತುವಾರಿ.

ಸ್ಕ್ರೀನ್ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಎರಡೂ ಫೋನಿನ ಜೊತೆಗೇ ಬರುತ್ತವೆ, ಬೇರೆ ದುಡ್ಡು ಕೊಡಬೇಕಿಲ್ಲ. ಹಿಂದೆ ಹೀಗಿರಲಿಲ್ಲ. ನೋಕಿಯಾ ಫೋನುಗಳ ಕಾಲದಲ್ಲಿ ‘ಟಾಕ್ಸ್’ ಎಂಬ ತಂತ್ರಾಂಶವನ್ನು ಬೇರೆಯಾಗಿ ಕೊಂಡು ಹಾಕಿಸಿಕೊಳ್ಳಬೇಕಿತ್ತು. 2009ರಲ್ಲಿ ಲೆಕ್ಕ ಬದಲಾಯಿತು. ಆ ವರ್ಷ ಬಂದ ಐಫೋನ್ 3ಜಿಎಸ್‌ನಲ್ಲಿ ವಾಯ್ಸ್‌ಓವರ್ ಒಳಗೇ ಇತ್ತು. ಅದೇ ವರ್ಷ ಆಂಡ್ರಾಯ್ಡ್ 1.6ರ ಜೊತೆ ಟಾಕ್‌ಬ್ಯಾಕ್ ಬಂತು. ಇದರ ಹಿಂದೆ ಕೆಲಸ ಮಾಡಿದವರಲ್ಲಿ ಒಬ್ಬರು ಗೂಗಲ್‌ನ ಟಿ.ವಿ. ರಾಮನ್. ಭಾರತದಲ್ಲಿ ಹುಟ್ಟಿ ಬೆಳೆದ ಕಂಪ್ಯೂಟರ್ ವಿಜ್ಞಾನಿ, ಸ್ವತಃ ಕಣ್ಣು ಕಾಣದವರು.

ಟಾಕ್‌ಬ್ಯಾಕ್ ಆನ್ ಆದ ಮೇಲೆ ಫೋನಿನ ನಡವಳಿಕೆಯೇ ಬೇರೆ. ಒಂದು ಸಲ ಮುಟ್ಟಿದರೆ ಯಾವುದೂ ತೆರೆದುಕೊಳ್ಳುವುದಿಲ್ಲ, ಬೆರಳಿನ ಕೆಳಗೆ ಏನಿದೆ ಎಂದು ಹೇಳುತ್ತದೆ ಅಷ್ಟೇ. ತೆರೆಯಬೇಕೆಂದರೆ ಎರಡು ಸಲ ತಟ್ಟಬೇಕು. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನ ವಸ್ತು, ಎಡಕ್ಕೆ ಸವರಿದರೆ ಹಿಂದಿನದು. ಹೆಚ್ಚಿನವರು ಕಲಿಯುವುದು ಇಷ್ಟನ್ನೇ. ಇಷ್ಟರಲ್ಲೇ ಫೋನ್ ಬಳಸಬಹುದು ಎನ್ನುವುದು ನಿಜ, ಆದರೆ ತುಂಬ ನಿಧಾನವಾಗಿ.

## ಕಾಣುವ ಚಿತ್ರ ಬೇರೆ, ಒಳಗಿನ ಪಟ್ಟಿ ಬೇರೆ

ಸ್ಕ್ರೀನ್ ರೀಡರ್‌ಗೆ ಕಣ್ಣಿಲ್ಲ. ಅದು ಸ್ಕ್ರೀನನ್ನು ನೋಡಿ ಓದುವುದಿಲ್ಲ. ಪ್ರತಿ ಆ್ಯಪ್ ತನ್ನ ಸ್ಕ್ರೀನ್ ಮೇಲಿರುವ ವಸ್ತುಗಳ ಒಂದು ಪಟ್ಟಿಯನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಮೂರು ಮುಖ್ಯ ಸಂಗತಿ ಇರುತ್ತವೆ. ಅದರ ಹೆಸರೇನು, ಅದು ಯಾವ ಬಗೆಯದು (ಗುಂಡಿಯೋ, ಲಿಂಕೋ, ತಲೆಬರಹವೋ), ಈಗ ಯಾವ ಸ್ಥಿತಿಯಲ್ಲಿದೆ (ಆನ್ ಅಥವಾ ಆಫ್, ಟಿಕ್ ಆಗಿದೆಯೋ ಇಲ್ಲವೋ). ‘ವೈಫೈ, ಸ್ವಿಚ್, ಆನ್’ ಎಂದು ಫೋನ್ ಹೇಳುವುದು ಈ ಮೂರನ್ನು ಜೋಡಿಸಿಕೊಂಡೇ.

ಅಡುಗೆಮನೆಯಲ್ಲಿ ಸಾಲಾಗಿಟ್ಟ ಸ್ಟೀಲ್ ಡಬ್ಬಿಗಳನ್ನು ನೆನೆಸಿಕೊಳ್ಳಿ. ಮೇಲೆ ಚೀಟಿ ಅಂಟಿಸಿದ್ದರೆ ಹೊಸಬರೂ ಉಪ್ಪು ಯಾವುದು, ಸಕ್ಕರೆ ಯಾವುದು ಹೇಳಬಲ್ಲರು. ಚೀಟಿ ಇಲ್ಲದಿದ್ದರೆ ‘ಡಬ್ಬಿ, ಡಬ್ಬಿ, ಡಬ್ಬಿ’ ಅಷ್ಟೇ. ಆ್ಯಪ್ ಬರೆದವರು ಗುಂಡಿಗೆ ಹೆಸರು ಕೊಡುವುದನ್ನು ಮರೆತರೆ ಟಾಕ್‌ಬ್ಯಾಕ್ ಕೂಡ ‘ಹೆಸರಿಲ್ಲದ ಬಟನ್’ ಎನ್ನುತ್ತದೆ. ಕಣ್ಣಿಗೆ ಅಲ್ಲಿ ಚೆಂದದ ಬಾಣದ ಗುರುತು ಕಾಣುತ್ತಿರಬಹುದು. ಪಟ್ಟಿಯಲ್ಲಿ ಅದಿಲ್ಲ.

ಬಳಸದೆ ಉಳಿದ ಸೌಲಭ್ಯಗಳಲ್ಲಿ ಮೊದಲನೆಯದು ಸಿಗುವುದು ಇಲ್ಲೇ. ಆ ಚೀಟಿಯನ್ನು ನೀವೇ ಅಂಟಿಸಬಹುದು. ಹೆಸರಿಲ್ಲದ ಗುಂಡಿಯ ಮೇಲೆ ನಿಂತು ಟಾಕ್‌ಬ್ಯಾಕ್ ಮೆನು ತೆರೆದರೆ ಲೇಬಲ್ ಸೇರಿಸುವ ಆಯ್ಕೆ ಸಿಗುತ್ತದೆ. ಐಫೋನಿನಲ್ಲಿ ಎರಡು ಬೆರಳಿನಿಂದ ಎರಡು ಸಲ ತಟ್ಟಿ, ಎರಡನೇ ಸಲ ಬೆರಳನ್ನು ಹಾಗೇ ಒತ್ತಿ ಹಿಡಿಯಬೇಕು. ‘ಹಣ ಕಳಿಸು’ ಎಂದು ಬರೆದಿಟ್ಟರೆ ಮುಂದಿನ ಸಲದಿಂದ ಫೋನ್ ಹಾಗೇ ಓದುತ್ತದೆ. ಮನೆಯಲ್ಲಿ ಕಣ್ಣು ಕಾಣುವ ಮಗನೋ ಸೊಸೆಯೋ ಪಕ್ಕದಲ್ಲಿ ಕೂತು, ದಿನಾ ಬಳಸುವ ಒಂದೆರಡು ಆ್ಯಪ್‌ಗಳ ಗುಂಡಿಗಳಿಗೆ ಒಮ್ಮೆ ಹೆಸರು ಹಾಕಿಕೊಟ್ಟರೆ ಸಾಕು. ಪ್ರತಿ ಸಲ ‘ಇದೇನು ನೋಡಪ್ಪಾ’ ಎಂದು ಕರೆಯುವುದು ತಪ್ಪುತ್ತದೆ. ಆ್ಯಪ್‌ನ ಹೊಸ ಆವೃತ್ತಿ ಬಂದಾಗ ಕೆಲವೊಮ್ಮೆ ಈ ಹೆಸರುಗಳು ಅಳಿಸಿಹೋಗುತ್ತವೆ, ಅಷ್ಟು ಮಾತ್ರ ಗೊತ್ತಿರಲಿ.

ಐಫೋನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2020ರ ಐಒಎಸ್ 14ರಲ್ಲಿ ಸ್ಕ್ರೀನ್ ರೆಕಗ್ನಿಷನ್ ಬಂತು. ಆ್ಯಪ್ ಪಟ್ಟಿ ಕೊಡದಿದ್ದರೂ ಫೋನೇ ಸ್ಕ್ರೀನಿನ ಚಿತ್ರ ನೋಡಿ ‘ಇದು ಗುಂಡಿ ಇರಬೇಕು, ಇದು ಟ್ಯಾಬ್ ಇರಬೇಕು’ ಎಂದು ಅಂದಾಜಿನ ಪಟ್ಟಿ ತಯಾರಿಸುತ್ತದೆ. ಊಹೆ ತಪ್ಪುವುದೂ ಉಂಟು. ಹಣಕಾಸಿನ ಆ್ಯಪ್‌ನಲ್ಲಿ ಇದನ್ನೇ ಪೂರ್ತಿ ನಂಬಿ ಕೂರಬಾರದು.

## ಬಲಕ್ಕೆ ಸವರುವುದನ್ನು ಬಿಟ್ಟು

ಒಂದು ಕನ್ನಡ ಸುದ್ದಿತಾಣವನ್ನು ಬ್ರೌಸರ್‌ನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಮೇಲೆ ಮೆನು, ಜಾಹೀರಾತು, ‘ರಾಜ್ಯ’, ‘ದೇಶ’, ‘ಕ್ರೀಡೆ’, ‘ಸಿನಿಮಾ’, ಷೇರ್ ಮಾಡುವ ಗುಂಡಿಗಳು. ಬಲಕ್ಕೆ ಸವರುತ್ತಾ ಹೋದರೆ ಇವೆಲ್ಲ ಒಂದೊಂದಾಗಿ ಕೇಳಿಸುತ್ತವೆ. ಸುದ್ದಿ ಶುರುವಾಗುವ ಹೊತ್ತಿಗೆ ಹತ್ತಾರು ಸಲ ಸವರಿ ಆಗಿರುತ್ತದೆ. ಕಣ್ಣು ಕಾಣುವವರು ಇದನ್ನೆಲ್ಲ ಓದುವುದೇ ಇಲ್ಲ, ದೊಡ್ಡಕ್ಷರದ ತಲೆಬರಹದ ಮೇಲೆ ನೇರವಾಗಿ ಕಣ್ಣು ಹಾಯಿಸುತ್ತಾರೆ ಅಲ್ವಾ?

ಅದೇ ಕೆಲಸವನ್ನು ಬೆರಳಿನಲ್ಲೂ ಮಾಡಬಹುದು. ಟಾಕ್‌ಬ್ಯಾಕ್‌ನಲ್ಲಿ ಮೂರು ಬೆರಳನ್ನು ಒಟ್ಟಿಗೆ ಇಟ್ಟು ಮೇಲಕ್ಕೋ ಕೆಳಕ್ಕೋ ಸವರಿದರೆ ‘ಅಕ್ಷರ’, ‘ಪದ’, ‘ಸಾಲು’, ‘ಪ್ಯಾರಾ’, ‘ತಲೆಬರಹ’, ‘ಲಿಂಕ್’ ಹೀಗೆ ಆಯ್ಕೆಗಳು ಬದಲಾಗುತ್ತವೆ. ಇವಕ್ಕೆ ರೀಡಿಂಗ್ ಕಂಟ್ರೋಲ್ ಎಂದು ಹೆಸರು. ‘ತಲೆಬರಹ’ ಎಂದು ಕೇಳಿದಾಗ ನಿಲ್ಲಿಸಿ, ಒಂದೇ ಬೆರಳಿನಿಂದ ಕೆಳಕ್ಕೆ ಸವರಿ. ನಡುವಿನದೆಲ್ಲ ಬಿಟ್ಟು ನೇರ ಮುಂದಿನ ತಲೆಬರಹಕ್ಕೆ ಹೋಗುತ್ತದೆ. ಮೇಲಕ್ಕೆ ಸವರಿದರೆ ಹಿಂದಿನದಕ್ಕೆ. ಐಫೋನಿನಲ್ಲಿ ಇದಕ್ಕೆ ರೋಟರ್ ಎನ್ನುತ್ತಾರೆ. ಅಲ್ಲಿ ಎರಡು ಬೆರಳನ್ನು ಸ್ಕ್ರೀನಿನ ಮೇಲಿಟ್ಟು ತಿರುಗಿಸಬೇಕು.

‘ಅಕ್ಷರ’ ಎಂಬ ಆಯ್ಕೆ ಇದಕ್ಕಿಂತ ದೊಡ್ಡ ಉಪಕಾರಿ ಎಂಬುದು ನನ್ನ ಅಭಿಪ್ರಾಯ. ಹೆಸರಿನ ಕಾಗುಣಿತ, ಐಎಫ್‌ಎಸ್‌ಸಿ ಕೋಡ್, ವಾಹನದ ನಂಬರ್ ಇವನ್ನು ಒಂದೇ ಉಸಿರಿಗೆ ಓದಿದರೆ ಕಿವಿಗೆ ಏನೂ ಸಿಗುವುದಿಲ್ಲ. ಅಕ್ಷರ ಅಕ್ಷರವಾಗಿ ಕೇಳಿದರೆ ತಪ್ಪಾಗುವುದಿಲ್ಲ.

ಇನ್ನು ಕೆಲವು ಸೌಲಭ್ಯಗಳು ತುಂಬ ಚಿಕ್ಕವು, ಆದರೆ ದಿನಾ ಬೇಕಾದವು. ಎರಡು ಬೆರಳಿನಿಂದ ಒಮ್ಮೆ ತಟ್ಟಿದರೆ ಮಾತು ನಿಲ್ಲುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಏನೋ ಕೇಳಿದಾಗ ಫೋನ್ ಬಡಬಡಿಸುತ್ತಲೇ ಇದ್ದರೆ ಇದು ಬೇಕೇ ಬೇಕು. ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಹಾಡು ನಿಲ್ಲುತ್ತದೆ, ಮತ್ತೆ ತಟ್ಟಿದರೆ ಶುರು. ಐಫೋನಿನಲ್ಲಿ ಇದೇ ಸನ್ನೆಯಿಂದ ಕರೆ ಎತ್ತಬಹುದು, ಇಡಬಹುದು. ಮೂರು ಬೆರಳಿನಿಂದ ಒಮ್ಮೆ ತಟ್ಟಿದರೆ ಟಾಕ್‌ಬ್ಯಾಕ್ ಮೆನು ಬರುತ್ತದೆ. ಅದರೊಳಗೆ ಸ್ಕ್ರೀನಿನಲ್ಲಿ ಪದ ಹುಡುಕುವ ಆಯ್ಕೆ ಇದೆ. ಕೊನೆಗೆ ಹೇಳಿದ ಮಾತನ್ನು ಕಾಪಿ ಮಾಡುವ ಆಯ್ಕೆಯೂ ಇದೆ. ಆಯ್ದು ಕಾಪಿ ಮಾಡಲು ಬಿಡದ ಆ್ಯಪ್‌ಗಳಲ್ಲಿ ದೂರಿನ ಸಂಖ್ಯೆ, ಪಿಎನ್‌ಆರ್ ಇಂಥದ್ದನ್ನು ಎತ್ತಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆ ಮೆನುವಿನಲ್ಲೇ ಸ್ಕ್ರೀನ್ ಮರೆಮಾಡುವ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಸ್ಕ್ರೀನ್ ಕಪ್ಪಾಗುತ್ತದೆ, ಫೋನ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ಪಕ್ಕದಲ್ಲಿ ಕೂತವರಿಗೆ ಬ್ಯಾಂಕ್ ಬ್ಯಾಲೆನ್ಸ್ ಆಗಲಿ, ಯಾರಿಗೆ ಏನು ಬರೆದಿರಿ ಎಂಬುದಾಗಲಿ ಕಾಣುವುದಿಲ್ಲ. ಕಣ್ಣು ಕಾಣದವರಿಗೆ ತಮ್ಮ ಫೋನನ್ನು ಯಾರು ಇಣುಕಿ ನೋಡುತ್ತಿದ್ದಾರೆ ಎಂದು ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಇದು ಬರೀ ಬ್ಯಾಟರಿ ಉಳಿಸುವ ಉಪಾಯ ಅಲ್ಲ. ಐಫೋನಿನಲ್ಲಿ ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ ಇದೇ ಕೆಲಸ ಆಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಸ್ಕ್ರೀನ್ ಮುಚ್ಚಿ ದನಿ ಜೋರಾಗಿ ಬಿಟ್ಟರೆ ಏನು ಪ್ರಯೋಜನ?

ಈ ಮೂರು ಬೆರಳಿನ ಸನ್ನೆಗಳು ಎಲ್ಲ ಆಂಡ್ರಾಯ್ಡ್ ಫೋನಿನಲ್ಲಿ ಬರುವುದಿಲ್ಲ. 2021ರಲ್ಲಿ ಬಂದ ಟಾಕ್‌ಬ್ಯಾಕ್ 9.1ರಲ್ಲಿ ಇವು ಸೇರಿದವು. ಫೋನಿನಲ್ಲಿ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯ ಫೋನಿನಲ್ಲಿ ಒಂದೇ ಬೆರಳನ್ನು ಕೆಳಕ್ಕೆ ಎಳೆದು ಹಾಗೇ ಬಲಕ್ಕೆ ತಿರುಗಿಸಿದರೆ ಮೆನು ಬರುತ್ತದೆ. ಟಾಕ್‌ಬ್ಯಾಕ್ ಹಳತಾಗಿದ್ದರೆ ಹೊಸ ಫೋನ್ ಕೊಳ್ಳಬೇಕಿಲ್ಲ. ಪ್ಲೇಸ್ಟೋರ್‌ನಲ್ಲಿ ‘ಆಂಡ್ರಾಯ್ಡ್ ಆ್ಯಕ್ಸೆಸಿಬಿಲಿಟಿ ಸೂಟ್’ ಎಂದು ಹುಡುಕಿ ಅಪ್‌ಡೇಟ್ ಮಾಡಿದರೆ ಟಾಕ್‌ಬ್ಯಾಕ್ ಕೂಡ ಹೊಸದಾಗುತ್ತದೆ. ಇದು ಪ್ರತ್ಯೇಕ ಆ್ಯಪ್ ಎಂಬುದೇ ಹಲವರಿಗೆ ಗೊತ್ತಿಲ್ಲ.

## ಗಾಜಿನ ಮೇಲೆ ಬ್ರೈಲ್

ಟೈಪ್ ಮಾಡುವುದು ಕಣ್ಣು ಕಾಣದವರಿಗೆ ಫೋನಿನ ಅತಿ ಬೇಸರದ ಕೆಲಸ. ಸ್ಕ್ರೀನಿನ ಕೀಬೋರ್ಡಿನಲ್ಲಿ ಬೆರಳಾಡಿಸುತ್ತಾ, ಬೇಕಾದ ಅಕ್ಷರ ಕೇಳಿಸುವವರೆಗೆ ಹುಡುಕಬೇಕು. ಕನ್ನಡದಲ್ಲಂತೂ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಹುಡುಕಾಟ ಇನ್ನೂ ಜಾಸ್ತಿ. ಅದಕ್ಕೇ ಬಹಳ ಮಂದಿ ಮೈಕ್ ಒತ್ತಿ ಮಾತಾಡಿಬಿಡುತ್ತಾರೆ. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಕೊಟ್ಟಿತು, ಅದು ಚೆನ್ನಾಗಿಯೇ ಇದೆ. ಆದರೆ ಪಾಸ್‌ವರ್ಡನ್ನು ಬಸ್ಸಿನಲ್ಲಿ ಕೂಗಿ ಹೇಳಲು ಆಗುತ್ತದೆಯೇ? ಡಾಕ್ಟರಿಗೆ ಬರೆಯುವ ಸಂದೇಶವನ್ನು ಆಫೀಸಿನಲ್ಲಿ ಹತ್ತು ಜನರ ನಡುವೆ ಹೇಳಲು ಆಗುತ್ತದೆಯೇ?

ಆಂಡ್ರಾಯ್ಡ್, ಐಫೋನ್ ಎರಡರ ಒಳಗೂ ಬ್ರೈಲ್ (ಬೆರಳಾಡಿಸಿ ಓದುವ ಉಬ್ಬುಚುಕ್ಕೆಗಳ ಲಿಪಿ) ಕೀಬೋರ್ಡ್ ಇದೆ. ಐಫೋನಿಗೆ 2014ರಲ್ಲಿ ಐಒಎಸ್ 8ರ ಜೊತೆ ಬಂತು, ಟಾಕ್‌ಬ್ಯಾಕ್‌ಗೆ 2020ರ ಏಪ್ರಿಲ್‌ನಲ್ಲಿ. ಫೋನನ್ನು ಅಡ್ಡ ತಿರುಗಿಸಿ, ಸ್ಕ್ರೀನ್ ನಿಮ್ಮಿಂದ ಆಚೆಗೆ ಮುಖ ಮಾಡುವಂತೆ ಎರಡೂ ಕೈಯಲ್ಲಿ ಹಿಡಿಯಬೇಕು. ಎಡಗೈಯ ಮೂರು ಬೆರಳು ಒಂದು ಬದಿ, ಬಲಗೈಯ ಮೂರು ಬೆರಳು ಇನ್ನೊಂದು ಬದಿ. ಆರು ಬೆರಳು, ಬ್ರೈಲ್‌ನ ಆರು ಚುಕ್ಕೆ.

ಬ್ರೈಲ್‌ನ ಪ್ರತಿ ಅಕ್ಷರಕ್ಕೂ ಆರು ಚುಕ್ಕೆಗಳ ಒಂದು ಮನೆ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಒಂದೇ ಚುಕ್ಕೆಗಳು. ಉದಾಹರಣೆಗೆ ‘ಕನ್ನಡ’ ಎಂಬ ಪದವನ್ನೇ ಬರೆಯೋಣ. ಮೊದಲು ‘ಕ’: 1 ಮತ್ತು 3. ಆಮೇಲೆ ‘ನ್ನ’. ಇಲ್ಲೊಂದು ತಿರುವು ಇದೆ. ಬರವಣಿಗೆಯಲ್ಲಿ ಒತ್ತು ಅಕ್ಷರದ ಕೆಳಗೆ ಬರುತ್ತದೆ. ಬ್ರೈಲ್‌ನಲ್ಲಿ ಮೇಲೆ ಕೆಳಗೆ ಎಂಬುದೇ ಇಲ್ಲ, ಎಲ್ಲ ಒಂದೇ ಸಾಲು. ಅದಕ್ಕೆ, ಸ್ವರ ಇಲ್ಲದ ವ್ಯಂಜನಕ್ಕೆ ಮೊದಲೇ ಒಂದು ಗುರುತು ಹಾಕುತ್ತಾರೆ. ಅದು 4ನೇ ಚುಕ್ಕೆ. ಹಾಗಾಗಿ 4, ನಂತರ ‘ನ’ (1, 3, 4, 5), ಮತ್ತೆ ‘ನ’ (1, 3, 4, 5). ಕೊನೆಗೆ ‘ಡ’: 1, 2, 4, 6. ಐದು ಸಲ ಒತ್ತಿದರೆ ಪದ ಮುಗಿಯಿತು. ಸಾಮಾನ್ಯ ಕೀಬೋರ್ಡಿನಲ್ಲೂ ಒತ್ತುವ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಪ್ರತಿ ಗುಂಡಿಯನ್ನೂ ಹುಡುಕಬೇಕು, ಇಲ್ಲಿ ಬೆರಳು ಕೂತಲ್ಲೇ ಇರುತ್ತವೆ.

ಬ್ರೈಲ್ ಚುಕ್ಕೆಯನ್ನು ಅಕ್ಷರಕ್ಕೆ, ಅಕ್ಷರವನ್ನು ಚುಕ್ಕೆಗೆ ಬದಲಿಸುವ ಕೆಲಸ ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದ್ದು. ಅದರಲ್ಲಿ ಕನ್ನಡದ ಕೋಷ್ಟಕವೂ ಇದೆ. ಬ್ರೈಲ್ ಕೀಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿ ತೆರೆದು, ನಿಮ್ಮ ಆವೃತ್ತಿಯಲ್ಲಿ ಕನ್ನಡ ಸಿಕ್ಕರೆ ಆಯ್ದುಕೊಳ್ಳಿ. ಸಿಗದಿದ್ದರೂ ಪಾಸ್‌ವರ್ಡ್, ಇಮೇಲ್ ವಿಳಾಸಗಳಿಗೆ ಇಂಗ್ಲಿಷ್ ಬ್ರೈಲ್ ಬಳಸಬಹುದು.

ಬ್ರೈಲ್ ಗೊತ್ತಿಲ್ಲದವರಿಗೆ, ಅದರಲ್ಲೂ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ, ಇನ್ನೊಂದು ದಾರಿ ಇದೆ. ಮನೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್ ಕೀಬೋರ್ಡನ್ನು ಒಟಿಜಿ ಕೇಬಲ್ (ಯುಎಸ್‌ಬಿ ಸಾಧನಗಳನ್ನು ಫೋನಿಗೆ ಜೋಡಿಸುವ ಸಣ್ಣ ತಂತಿ) ಮೂಲಕ ಫೋನಿಗೆ ಚುಚ್ಚಿ. ಟಾಕ್‌ಬ್ಯಾಕ್ ಅದನ್ನು ಒಪ್ಪಿಕೊಳ್ಳುತ್ತದೆ. ಟೈಪ್ ಮಾಡಲು ಮಾತ್ರವಲ್ಲ, ತಲೆಬರಹದಿಂದ ತಲೆಬರಹಕ್ಕೆ ಹೋಗಲು, ಮೆನು ತೆರೆಯಲು ಕೂಡ ಕೀಗಳಿವೆ. ಯಾವ ಕೀಗೆ ಏನು ಕೆಲಸ ಎಂಬ ಪಟ್ಟಿ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಟೈಪಿಂಗ್ ಕಲಿತ ಗುಮಾಸ್ತರಿಗೆ, ಶಿಕ್ಷಕರಿಗೆ ಇದು ಒಂದೇ ದಿನದಲ್ಲಿ ಕೈಗೆ ಹತ್ತುತ್ತದೆ.

## ಲಕ್ಷಗಟ್ಟಲೆ ಬೆಲೆಯ ಯಂತ್ರದೊಳಗೂ ಇದೇ ಕಥೆ

ಸ್ಮಾರ್ಟ್‌ಫೋನಿಗೆ ಮೊದಲೇ ಕಣ್ಣು ಕಾಣದವರಿಗಾಗಿ ಕೈಯಲ್ಲಿ ಒಯ್ಯುವ ಕಂಪ್ಯೂಟರ್‌ಗಳಿದ್ದವು. ಬ್ರೈಲ್ ನೋಟ್‌ಟೇಕರ್ ಎನ್ನುತ್ತಾರೆ. ಬರೆಯಲು ಬ್ರೈಲ್ ಕೀಗಳು, ಓದಲು ಒಂದು ಸಾಲು ಸಣ್ಣ ಮೊಳೆಗಳು. ಮೊಳೆಗಳು ಮೇಲೆದ್ದು ಕೆಳಗಿಳಿದು ಅಕ್ಷರ ಮೂಡಿಸುತ್ತವೆ, ಬೆರಳಾಡಿಸಿ ಓದಬಹುದು. ನ್ಯೂಜಿಲೆಂಡಿನಲ್ಲಿ ತಯಾರಾಗಿ 2000ದಲ್ಲಿ ಬಂದ ಬ್ರೈಲ್‌ನೋಟ್ ಇವುಗಳಲ್ಲಿ ಹೆಸರುವಾಸಿ. ಒಳಗಿದ್ದದ್ದು ಮೈಕ್ರೋಸಾಫ್ಟ್‌ನ ವಿಂಡೋಸ್ ಸಿಇ ಎಂಬ ಆಪರೇಟಿಂಗ್ ಸಿಸ್ಟಮ್. ಬಳಸುವವರಿಗೆ ಸಿಗುತ್ತಿದ್ದದ್ದು ಮಾತ್ರ ಅದರ ಮೇಲೆ ಹೊದಿಸಿದ ಕೀಸಾಫ್ಟ್ ಎಂಬ ಮೆನು. ಬರವಣಿಗೆ, ಇಮೇಲ್, ಡೈರಿ, ಪುಸ್ತಕ ಎಲ್ಲ ಅಚ್ಚುಕಟ್ಟು. ಆದರೆ ಮಾತಾಡುವ ದನಿ ಇದ್ದದ್ದು ಕೀಸಾಫ್ಟ್ ಒಳಗೆ. ವಿಂಡೋಸ್ ಸಿಇಗೆ ಬರೆದ ಬೇರೆ ತಂತ್ರಾಂಶ ಹಾಕಿದರೆ ಅದನ್ನು ಓದಿ ಹೇಳುವವರೇ ಇರಲಿಲ್ಲ. ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಿದ್ದ ಎಷ್ಟೋ ಕೆಲಸ ಹೊದಿಕೆಯ ಕೆಳಗೇ ಉಳಿಯಿತು.

ಅಮೆರಿಕದ ಪ್ಯಾಕ್ ಮೇಟ್ ಎಂಬ ನೋಟ್‌ಟೇಕರ್ ಬೇರೆ ದಾರಿ ಹಿಡಿಯಿತು. ಪಾಕೆಟ್ ಪಿಸಿ ಎಂಬ ಕೈಗಂಪ್ಯೂಟರ್ ವ್ಯವಸ್ಥೆಯ ಮೇಲೆ ನೇರವಾಗಿ ಜಾಸ್ ಎಂಬ ಸ್ಕ್ರೀನ್ ರೀಡರ್ ಕೂರಿಸಿದರು. ಹೊರಗಿನ ತಂತ್ರಾಂಶಗಳನ್ನೂ ಹಾಕಿಕೊಳ್ಳಬಹುದಿತ್ತು, ಕಲಿಯುವುದು ಮಾತ್ರ ಕಷ್ಟ. ಎರಡರಲ್ಲಿ ಯಾವುದು ಸರಿ ಎಂಬ ವಾದ ಅವನ್ನು ಬಳಸಿದವರ ನಡುವೆ ಬಹಳ ವರ್ಷ ನಡೆದಿತ್ತು. ಇಬ್ಬರ ಮಾತಿನಲ್ಲೂ ಹುರುಳಿತ್ತು.

2016ರಲ್ಲಿ ಬಂದ ಬ್ರೈಲ್‌ನೋಟ್ ಟಚ್ ಆಂಡ್ರಾಯ್ಡ್ ಮೇಲೆ ನಿಂತಿತು, ಪ್ಲೇಸ್ಟೋರ್ ಕೂಡ ಬಂತು. ಹಳೆಯ ಬಳಕೆದಾರರು ಹಳೆಯ ಮೆನುವಿನಲ್ಲೇ ಉಳಿದರೂ ಅಡ್ಡಿಯಿಲ್ಲ, ಬೇಕಾದವರು ಹೊರಗಿನ ಆ್ಯಪ್ ಹಾಕಿಕೊಳ್ಳಬಹುದು. ಆದರೆ ಅದರಲ್ಲಿದ್ದದ್ದು ಆಂಡ್ರಾಯ್ಡ್ 4.4, ಅಂದರೆ 2013ರದ್ದು. ಫೋನುಗಳು ಮುಂದೆ ಓಡಿದವು, ಯಂತ್ರ ಅಲ್ಲೇ ನಿಂತಿತು. ಇಂಥ ಯಂತ್ರಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿ ಇರುತ್ತದೆ. ಕಾಲೇಜಿಗೋ ಕಚೇರಿಗೋ ಕೊಳ್ಳುವವರು ಮೊದಲು ಕೇಳಬೇಕಾದದ್ದು ಒಳಗಿರುವ ಆಂಡ್ರಾಯ್ಡ್ ಯಾವ ಆವೃತ್ತಿ, ಮುಂದೆ ಅಪ್‌ಡೇಟ್ ಕೊಡುತ್ತೀರಾ ಎಂಬುದನ್ನು.

ಈಗ ಇನ್ನೊಂದು ಜೋಡಿ ಸಾಧ್ಯವಾಗಿದೆ. ಕೈಯಲ್ಲಿರುವ ಫೋನಿಗೇ ಮೊಳೆಗಳ ಸಾಲಿರುವ ಬ್ರೈಲ್ ಡಿಸ್‌ಪ್ಲೇ ಒಂದನ್ನು ಜೋಡಿಸುವುದು. ಆರ್ಬಿಟ್ ರೀಡರ್ 20 ಇಂಥದ್ದು, 20 ಅಕ್ಷರಗಳ ಸಾಲು, ನೋಟ್‌ಟೇಕರ್‌ಗಿಂತ ಬಹಳ ಅಗ್ಗ. ಮೊದಲು ಒಂದೊಂದು ಡಿಸ್‌ಪ್ಲೇಗೂ ಬೇರೆ ಬೇರೆ ಡ್ರೈವರ್ (ಅದನ್ನು ಫೋನಿಗೆ ಪರಿಚಯಿಸುವ ತಂತ್ರಾಂಶ) ಬೇಕಿತ್ತು. 2018ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಸೇರಿ ಬ್ರೈಲ್ ಡಿಸ್‌ಪ್ಲೇಗಳಿಗೆ ಒಂದೇ ಯುಎಸ್‌ಬಿ ಮಾನದಂಡವನ್ನು ಒಪ್ಪಿಕೊಂಡವು. 2022ರಿಂದ ಟಾಕ್‌ಬ್ಯಾಕ್ ಒಳಗೇ ಬ್ರೈಲ್ ಡಿಸ್‌ಪ್ಲೇ ನಡೆಸುವ ವ್ಯವಸ್ಥೆ ಸೇರಿದೆ. ಅದಕ್ಕೆ ಮೊದಲು ಬ್ರೈಲ್‌ಬ್ಯಾಕ್ ಎಂಬ ಬೇರೆ ಆ್ಯಪ್ ಹಾಕಬೇಕಿತ್ತು.

## ಕನ್ನಡ ಎಲ್ಲಿ ಕೈಕೊಡುತ್ತದೆ?

ಸ್ಕ್ರೀನ್ ರೀಡರ್ ಏನು ಓದಬೇಕೆಂದು ತೀರ್ಮಾನಿಸುತ್ತದೆ. ಅದನ್ನು ದನಿಯಾಗಿಸುವುದು ಇನ್ನೊಂದು ತಂತ್ರಾಂಶ, ಟೆಕ್ಸ್ಟ್ ಟು ಸ್ಪೀಚ್. ಇವೆರಡು ಬೇರೆ ಬೇರೆ ಎಂದು ತಿಳಿಯದೆ ಹಲವರು ಕಷ್ಟಪಡುತ್ತಾರೆ. ಫೋನಿನ ದನಿ ಇಂಗ್ಲಿಷಿನಲ್ಲಿ ಇದ್ದಾಗ ಕನ್ನಡದ ಸಂದೇಶ ಬಂದರೆ ಕೆಲವು ದನಿಗಳು ಅದನ್ನು ಓದದೆ ಹಾರಿಸಿಬಿಡುತ್ತವೆ. ಕೇಳಿದವರು ಖಾಲಿ ಮೆಸೇಜ್ ಬಂದಿದೆ ಎಂದುಕೊಳ್ಳುತ್ತಾರೆ.

ಗೂಗಲ್‌ನ ದನಿಗಳಲ್ಲಿ ಕನ್ನಡ ಇದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್ ಟು ಸ್ಪೀಚ್ ತೆರೆದು ಕನ್ನಡ ದನಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ಓದುತ್ತದೆ. ಇಸ್ಪೀಕ್ ಎಂಬ ಮುಕ್ತ ತಂತ್ರಾಂಶದಲ್ಲೂ ಕನ್ನಡ ಉಂಟು. ಅದರ ದನಿ ಯಂತ್ರದ ಹಾಗೆ ಒರಟು. ಆದರೂ ಪಳಗಿದವರು ಅದನ್ನು ಇಷ್ಟಪಡುವುದಿದೆ, ಯಾಕೆಂದರೆ ತುಂಬ ವೇಗಕ್ಕೆ ಏರಿಸಿದರೂ ಅಕ್ಷರಗಳು ಕಲಸಿಹೋಗುವುದಿಲ್ಲ. ಕನ್ನಡ, ಇಂಗ್ಲಿಷ್ ಎರಡೂ ಬೇಕಾದವರು ರೀಡಿಂಗ್ ಕಂಟ್ರೋಲ್‌ನಲ್ಲಿ ‘ಭಾಷೆ’ ಸೇರಿಸಿಕೊಂಡರೆ ಬೆರಳು ಸವರಿಯೇ ಬದಲಿಸಬಹುದು. ಐಫೋನಿನ ರೋಟರ್‌ನಲ್ಲೂ ಈ ಆಯ್ಕೆ ಇದೆ. ‘ಊಟ ಆಯ್ತಾ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸುವ ಗೆಳೆಯರಿಗೆ ಮಾತ್ರ ಯಾವ ತಂತ್ರಜ್ಞಾನದಲ್ಲೂ ಪರಿಹಾರ ಇಲ್ಲ!

ದೊಡ್ಡ ತೊಡಕು ಇರುವುದು ಕಡತಗಳಲ್ಲಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸುತ್ತೋಲೆ, ಪ್ರಶ್ನೆಪತ್ರಿಕೆ, ಪುಸ್ತಕಗಳು ಇನ್ನೂ ಓಡಾಡುತ್ತಿವೆ. ಕಣ್ಣಿಗೆ ಅದು ಶುದ್ಧ ಕನ್ನಡ. ಕಂಪ್ಯೂಟರಿನ ಒಳಗೆ ಕನ್ನಡವೇ ಇಲ್ಲ. ‘ಕ’ ಕಾಣುವ ಕಡೆ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೀರಿರುವ ‘ಎ’. ‘ನ’ ಇರುವಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ. ‘ಡ’ ಇರುವಲ್ಲಿ ಸಣ್ಣ ‘ಕ್ಯೂ’. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿದೆ ಅಷ್ಟೇ. ಸ್ಕ್ರೀನ್ ರೀಡರ್‌ಗೆ ವೇಷ ಕಾಣುವುದಿಲ್ಲ. ‘ಕನ್ನಡ’ ಎಂಬ ಪದ ಅದರ ಬಾಯಲ್ಲಿ ‘ಪಿ, ಎ, ಪೌಂಡ್, ಎ…’ ಎಂದು ಹೊರಡುತ್ತದೆ.

ಯುನಿಕೋಡ್‌ನಲ್ಲಿ ಹಾಗಲ್ಲ, ‘ಕ’ಕ್ಕೆ ಅದರದ್ದೇ ಆದ ಸಂಖ್ಯೆ ಇದೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕಳಿಸುವವರು ಒಂದು ಸಲ ಬದಲಿಸಿ ಕಳಿಸಿದರೆ ಓದುವವರ ಕೆಲಸ ಮುಗಿಯಿತು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದರೊಳಗೆ ಅಕ್ಷರವೇ ಇಲ್ಲ, ಬರೀ ಚಿತ್ರ. ಅದನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡದ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ. ಅಚ್ಚು ಸ್ಪಷ್ಟವಾಗಿದ್ದರೆ ತಪ್ಪು ಕಡಿಮೆ.

## ಕ್ಯಾಮೆರಾ ಮತ್ತು ಫೋನಿನ ಬೆನ್ನು

ಫೋಟೊದಲ್ಲಿ ಏನಿದೆ ಎಂದು ವಿವರಿಸುವ ಶಕ್ತಿ ಈಗ ಸ್ಕ್ರೀನ್ ರೀಡರ್‌ಗಳ ಒಳಗೇ ಬಂದಿದೆ. 2024ರಿಂದ ಟಾಕ್‌ಬ್ಯಾಕ್ ಗೂಗಲ್‌ನ ಎಐ ಆದ ಜೆಮಿನಿ ಮೂಲಕ ಇದನ್ನು ಇನ್ನಷ್ಟು ವಿವರವಾಗಿ ಮಾಡುತ್ತದೆ. ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಮದುವೆ ಫೋಟೊಗಳಿಗೆ ಬಹಳ ಉಪಯೋಗ. ಔಷಧಿ ಚೀಟಿಗೆ ಇದನ್ನೇ ನಂಬಬೇಡಿ. ಐಫೋನಿನಲ್ಲಿ 2022ರಿಂದ ಬಾಗಿಲು ಗುರುತಿಸುವ ಸೌಲಭ್ಯ ಇದೆ. ಬಾಗಿಲು ಎಷ್ಟು ದೂರ, ತೆರೆದಿದೆಯೋ ಮುಚ್ಚಿದೆಯೋ, ತಳ್ಳಬೇಕೋ ಎಳೆಯಬೇಕೋ ಎಂದೆಲ್ಲ ಹೇಳುತ್ತದೆ. ಆದರೆ ದೂರ ಅಳೆಯುವ ಲೈಡಾರ್ ಇರುವ ದುಬಾರಿ ಪ್ರೊ ಫೋನುಗಳಲ್ಲಿ ಮಾತ್ರ.

ಇದಕ್ಕಿಂತ ಸರಳವಾದದ್ದು ಬ್ಯಾಕ್ ಟ್ಯಾಪ್. ಐಫೋನ್ 8 ಮತ್ತು ಆಮೇಲಿನವುಗಳ ಬೆನ್ನ ಮೇಲೆ ಎರಡು ಇಲ್ಲವೇ ಮೂರು ಸಲ ತಟ್ಟಿದರೆ ನೀವು ಹೇಳಿದ ಕೆಲಸ ಆಗುವಂತೆ ಹೊಂದಿಸಬಹುದು. ನೋಟು ಗುರುತಿಸಲು ಮಾತ್ರ ಬೇರೆ ಆ್ಯಪ್ ಹಾಕಿಕೊಳ್ಳುವುದು ಒಳ್ಳೆಯದು. ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ತಂದ ‘ಮಣಿ’ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ನೋಟಿನ ಬೆಲೆ ಹೇಳುತ್ತದೆ.

## ಯಾಕೆ ಗೊತ್ತಾಗುವುದಿಲ್ಲ?

ಕಾರಣ ಬಹಳ ಸಾಮಾನ್ಯ. ಫೋನ್ ಅಂಗಡಿಯವರಿಗೆ ಟಾಕ್‌ಬ್ಯಾಕ್ ಗೊತ್ತಿರುವುದಿಲ್ಲ. ಮನೆಯವರಿಗೆ ಅದು ಆನ್ ಆದರೆ ಸಾಕು, ಫೋನ್ ಕೆಟ್ಟಿದೆ ಎಂಬ ಗಾಬರಿ. ಸೌಲಭ್ಯಗಳು ಸೆಟ್ಟಿಂಗ್ಸ್‌ನ ಒಳಗೆ, ಅದರೊಳಗೆ ಇನ್ನೊಂದು ಮೆನುವಿನಲ್ಲಿ ಕೂತಿರುತ್ತವೆ. ಫೋನ್ ಕಂಪನಿಗಳು ಆ ಮೆನುವನ್ನು ಒಂದೊಂದು ಫೋನಿನಲ್ಲಿ ಒಂದೊಂದು ಕಡೆ ಇಟ್ಟಿರುತ್ತವೆ. ಜೊತೆಗೆ, ಕಲಿಸಿಕೊಡುವ ಧ್ವನಿಪಾಠಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲೇ ಇವೆ.

ಇನ್ನು ಕೆಲವು ಸಂಗತಿಗಳು ಆಪರೇಟಿಂಗ್ ಸಿಸ್ಟಮ್‌ನ ಕೈಮೀರಿದವು. ಚಿತ್ರದಲ್ಲಿರುವ ವಕ್ರ ಅಕ್ಷರ ಓದಿ ಟೈಪ್ ಮಾಡಿ ಎನ್ನುವ ಕ್ಯಾಪ್ಚಾ, ಚೌಕಟ್ಟಿನೊಳಗೆ ಸರಿಯಾಗಿ ಮುಖ ಕೂರಿಸಿ ಎನ್ನುವ ಸೆಲ್ಫಿ, ಕಾಗದದ ಮೇಲೆ ಸಹಿ ಮಾಡಿ ಫೋಟೊ ಕಳಿಸಿ ಎನ್ನುವ ಫಾರ್ಮು. ಇಲ್ಲಿ ಬಳಕೆದಾರರು ಎಷ್ಟೇ ಸನ್ನೆ ಕಲಿತರೂ ಉಪಯೋಗವಿಲ್ಲ, ಬದಲಾಗಬೇಕಾದದ್ದು ಆ್ಯಪ್. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ಮಾಹಿತಿ ಎಲ್ಲರಿಗೂ ಬಳಸುವಂತಿರಬೇಕು ಎನ್ನುತ್ತದೆ. ದೂರು ಬರೆಯುವಾಗ ‘ಆ್ಯಪ್ ಸರಿಯಿಲ್ಲ’ ಎನ್ನುವುದಕ್ಕಿಂತ ‘ಇಂಥ ಪುಟದಲ್ಲಿ ಇಂಥ ಗುಂಡಿಗೆ ಹೆಸರಿಲ್ಲ, ಟಾಕ್‌ಬ್ಯಾಕ್ ಓದುತ್ತಿಲ್ಲ’ ಎಂದು ಬರೆದರೆ ಸರಿಪಡಿಸುವವರಿಗೆ ಏನು ಮಾಡಬೇಕೆಂದು ನೇರ ತಿಳಿಯುತ್ತದೆ.

## ಶುರು ಮಾಡುವುದು ಹೇಗೆ?

ಎರಡೂ ವಾಲ್ಯೂಮ್ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಆನ್ ಆಗುತ್ತದೆ. ಮೊದಲ ಸಲ ಒಪ್ಪಿಗೆ ಕೇಳುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಅಭ್ಯಾಸದ ಪಾಠ ಇದೆ. ಐಫೋನಿನ ವಾಯ್ಸ್‌ಓವರ್ ಸೆಟ್ಟಿಂಗ್ಸ್‌ನಲ್ಲೂ ಅಭ್ಯಾಸದ ಪುಟ ಇದೆ, ಅಲ್ಲಿ ಯಾವ ಸನ್ನೆ ಮಾಡಿದರೂ ಅದರ ಹೆಸರು, ಕೆಲಸ ಹೇಳುತ್ತದೆ, ಏನೂ ಹಾಳಾಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ. ಮಾತು ನಿಲ್ಲಿಸುವ ಸನ್ನೆ, ಮೆನು ತೆರೆಯುವ ಸನ್ನೆ, ‘ತಲೆಬರಹ’ಕ್ಕೆ ಹಾರುವುದು, ಈ ಮೂರು ಕೈಗೆ ಹತ್ತಿದ ಮೇಲೆ ಬ್ರೈಲ್ ಕೀಬೋರ್ಡ್ ನೋಡಿ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಕಣ್ಣು ಕಾಣದವರಿಗೆ ತರಬೇತಿ ಕೊಡುತ್ತವೆ, ಧ್ವನಿ ಪುಸ್ತಕಗಳನ್ನೂ ಮಾಡುತ್ತವೆ. ಓದಲು ಪುಸ್ತಕ ಬೇಕಾದವರಿಗೆ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಇದೆ.

ಒಂದು ಎಚ್ಚರಿಕೆ. ಫೋನಿನಲ್ಲಿ ಒಂದೇ ದನಿ ಇಟ್ಟುಕೊಳ್ಳಬೇಡಿ. ಅಪ್‌ಡೇಟ್ ಆದಾಗ ಅಥವಾ ದನಿಯ ಕಡತ ಕೆಟ್ಟಾಗ ಫೋನ್ ಮೂಕವಾಗಿಬಿಟ್ಟರೆ ಕಣ್ಣು ಕಾಣದವರಿಗೆ ಅದು ಸತ್ತ ಫೋನೇ. ಗೂಗಲ್ ದನಿಯ ಜೊತೆ ಇಸ್ಪೀಕ್ ಕೂಡ ಹಾಕಿಟ್ಟಿದ್ದರೆ, ಮನೆಯವರು ಯಾರಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಟೆಕ್ಸ್ಟ್ ಟು ಸ್ಪೀಚ್‌ನಲ್ಲಿ ಅದನ್ನು ಆಯ್ದು ಕೊಡಬಹುದು. ಆಗ ಅವರು ಟಾಕ್‌ಬ್ಯಾಕ್ ಆಫ್ ಮಾಡಿಕೊಂಡು ಕೆಲಸ ಮಾಡುವುದು ಸುಲಭ. ಆಫ್ ಮಾಡಲೂ ಅದೇ ಎರಡು ವಾಲ್ಯೂಮ್ ಗುಂಡಿ, ಅದೇ ಮೂರು ಸೆಕೆಂಡು.